ಒಂದೂ ಚಿತ್ತಿಲ್ಲದ ಕಾಗದ

ಮಾರ್ಚ್ ೪, ಸೋಮವಾರ

ಲೋ ಮಂಕ,

ನಿನ್ನನ್ನು ಬಸ್ಸು ಹತ್ತಿಸಿ ನೇರ ಕಚೇರಿಗೆ ಬಂದು ನಿನ್ನ ಮೇಜು ಖಾಲಿ ಮಾಡಿಸಿದೆ. ಡ್ರಾಯರಿನಲ್ಲಿ ಒಂದೇ ವಾಕ್ಯ ಬರೆದ ಹಾಳೆಗಳು ಸಿಕ್ಕವು. "ಅವಳು ಬಾಗಿಲು ತೆರೆದಳು." ಹಾಳೆಯ ಮೇಲೆ ಹಾಳೆ, ಅದೊಂದೇ. ತೆರೆದ ಮೇಲೆ ಹೊರಗೆ ಯಾರಾದರೂ ನಿಂತಿರಬೇಕಲ್ಲ, ಪುಣ್ಯಾತ್ಮ. ಹಾಲಿನವನೋ ಪೊಲೀಸನೋ ಯಾರೋ ಒಬ್ಬ. ಹದಿನಾಲ್ಕು ವರ್ಷ ವಾರ ತಪ್ಪದೆ ಧಾರಾವಾಹಿ ಬರೆದವನಿಗೆ ಬಾಗಿಲ ಹೊರಗೆ ನಿಲ್ಲಿಸಲು ಒಬ್ಬ ಮನುಷ್ಯ ಸಿಗಲಿಲ್ಲ ಎಂದರೆ ಡಾಕ್ಟರು ನಿನಗೆ ವಿಶ್ರಾಂತಿ ಬೇಕು ಎಂದದ್ದು ಸರಿಯೇ ಇರಬೇಕು.

ನನಗೆ ಮೊದಲೇ ಹೊಳೆಯಬೇಕಿತ್ತು. ಧಾರಾವಾಹಿಯಲ್ಲಿ ನೀನು ಸಾಯಿಸಿದ ಮಾವನವರು ಎರಡು ವಾರ ಬಿಟ್ಟು ಎದ್ದು ಕೂತು "ಚಹಾ ಆಯ್ತೇನಮ್ಮಾ" ಎಂದಾಗಲೇ ನಿನ್ನನ್ನು ಎಳೆದುಕೊಂಡು ಹೋಗಿ ಮಲಗಿಸಬೇಕಿತ್ತು. ಓದುಗರ ಕಾಗದ ಓದಿ ಓದಿ ನಕ್ಕೆ, ಅಷ್ಟೇ. ಈಗ ನಗು ಬರುತ್ತಿಲ್ಲ.

ಇರಲಿ. ಮೂರು ತಿಂಗಳು ನಿನಗೆ ರಜೆ. ಅಪ್ಪ ಬಿಟ್ಟುಹೋದ ಈ ವಾರಪತ್ರಿಕೆಯನ್ನು ನಡೆಸಲು ನಾನಿದ್ದೇನೆ. ಅಲ್ಲಿ ನೀನು ಕಥೆ ಬರೆಯಕೂಡದು. ನಮ್ಮ ಪತ್ರಿಕೆ ಓದಕೂಡದು, ಅದು ಮನೆಯೊಳಗೆ ಬಾರದಂತೆ ಮನೆ ಒಡತಿಗೆ ಹೇಳಿದ್ದೇನೆ. ಕಚೇರಿಗೆ ಫೋನ್ ಮಾಡಕೂಡದು, ಇಲ್ಲಿಯ ಸದ್ದು ಕಿವಿಗೆ ಬಿದ್ದರೆ ಮತ್ತೆ ಕಂತಿನ ಲೆಕ್ಕಕ್ಕೆ ಬೀಳುತ್ತೀಯೆ. ಏನಿದ್ದರೂ ನನಗೆ ಕಾಗದ ಬರೆ. ಅಂಚೆಗೆ ನಾಲ್ಕು ದಿನ ಬೇಕು, ಬೇಕಾದರೆ ಬೇಕಾಗಲಿ. ಪೆನ್ನು ಹಿಡಿದ ಕೈಗೆ ತುಕ್ಕು ಹಿಡಿಯಬಾರದು ನೋಡು.

ಚೆಂದ ಮಾಡಲು ಹೋಗಬೇಡ. ನಿನ್ನ ಕಂತುಗಳು ಬರುತ್ತಿದ್ದವಲ್ಲ, ಮುತ್ತು ಪೋಣಿಸಿದ ಹಾಗೆ, ಒಂದೂ ಚಿತ್ತಿಲ್ಲ. ಅದೆಲ್ಲ ಕಟ್ಟುಕಥೆಗೆ. ಚಿಕ್ಕಂದಿನಲ್ಲಿ ಕನ್ನಡಿ ಒಡೆದವನು ನಾನೇ ಎಂದು ಅಪ್ಪನಿಗೆ ಚೀಟಿ ಬರೆದೆಯಲ್ಲ, ಅದರ ತುಂಬ ಬರೀ ಹೊಡೆದು ಹಾಕಿದ ಸಾಲು. ಅಪ್ಪ ಅದನ್ನು ನೋಡಿಯೇ "ನಿಜ ಹೇಳ್ತಾ ಇದಾನೆ, ಬಿಡು" ಎಂದು ಹೊಡೆಯದೆ ಬಿಟ್ಟರು. ಹಾಗೆ ಬರೆ.

ನಿನ್ನ ಅಕ್ಕ


ಮಾರ್ಚ್ ೧೧, ಸೋಮವಾರ

ಅಕ್ಕಾ,

ಮನೆ ಒಡತಿ ನಿವೃತ್ತ ಡ್ರಿಲ್ ಟೀಚರು. ಕೊರಳಲ್ಲಿ ಇನ್ನೂ ಸೀಟಿ ತೂಗುತ್ತದೆ. ಊಟಕ್ಕೆ ಕೂಗುವುದಿಲ್ಲ, ಸೀಟಿ ಊದುತ್ತಾರೆ. ಮೊದಲ ದಿನ ಹೌಹಾರಿದೆ. ಈಗ ನನ್ನ ಕಾಲು ತಾವಾಗಿಯೇ ಮೆಟ್ಟಿಲು ಇಳಿಯುತ್ತವೆ.

ನನ್ನ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಒಂದು ಕುರ್ಚಿ, ಕೆರೆಯ ಕಡೆಗೆ ಒಂದು ಕಿಟಕಿ. ಮೇಜೂ ಇತ್ತು. ಅದರ ಮುಂದೆ ಕೂರಲಾಗಲಿಲ್ಲ, ತೆಗೆಸಿಬಿಟ್ಟೆ. ಈಗ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಹೇಳಲೇಬೇಕಾದ ಒಂದು ವಿಷಯ. ಬುಧವಾರ ಬೆಳಿಗ್ಗೆ ಅಂಗಿ ಹಾಕಿಕೊಂಡೆ. ಎರಡು ಗುಂಡಿ ಹಾಕಿದೆ. ಮೂರನೆಯದಕ್ಕೆ ಕೈ ಹೋಗಲಿಲ್ಲ. ನೋವೇನಿಲ್ಲ. ಅದನ್ನು ಯಾಕೆ ಹಾಕಬೇಕು ಎಂಬುದೇ ಗೊತ್ತಾಗಲಿಲ್ಲ. ಹಾಗೇ ಕೂತೆ. ಮಧ್ಯಾಹ್ನದ ಸೀಟಿಗೂ ಏಳಲಿಲ್ಲ. ಟೀಚರು ಮೇಲೆ ಬಂದು ನೋಡಿದರು, ಉಳಿದ ಗುಂಡಿಗಳನ್ನು ತಾವೇ ಹಾಕಿ "ಸಾಲಿಗೆ ಬಾಪ್ಪಾ" ಎಂದರು. ನಾನು ಅತ್ತುಬಿಟ್ಟೆ. ನಲವತ್ತೊಂದರ ಗಂಡಸು.

(ಇಲ್ಲಿ ಮೂರು ಸಾಲು ಹೊಡೆದು ಹಾಕಿದ್ದೇನೆ. ಬೆಳಕಿಗೆ ಹಿಡಿದು ನೋಡಬೇಡ.)

ನನ್ನ ಪುಟದಲ್ಲಿ ಈಗ ಏನು ಹಾಕುತ್ತಿದ್ದೀಯೆ? ಓದುವುದಿಲ್ಲ, ಸುಮ್ಮನೆ ಕೇಳಿದೆ.

ತಮ್ಮ


ಮಾರ್ಚ್ ೧೬, ಶನಿವಾರ

ಲೋ ಮಂಕ,

ಬೆಳಕಿಗೆ ಹಿಡಿದು ನೋಡಿದೆ. ಅಕ್ಕನಿಗೆ ಹೇಳಬಾರದ್ದು ಏನಿರುತ್ತದೆ ನಿನ್ನ ಹತ್ತಿರ? "ನನ್ನ ಕೈಯನ್ನು ಯಾರೋ ಬಾಡಿಗೆಗೆ ತೆಗೆದುಕೊಂಡು ವಾಪಸ್ಸು ಕೊಟ್ಟ ಹಾಗಿದೆ" ಎಂಬ ಸಾಲನ್ನು ಹೊಡೆದು ಹಾಕಿದವನನ್ನು ಏನನ್ನಬೇಕು? ಅಷ್ಟು ಒಳ್ಳೆಯ ಸಾಲು ನಿನ್ನಿಂದ ಬಂದು ಆರು ವರ್ಷವಾಗಿತ್ತು.

ಆ ಗುಂಡಿಯ ವಿಷಯ ನನ್ನ ತಲೆಯಿಂದ ಹೋಗುತ್ತಿಲ್ಲ. ಯಾವ ಅಂಗಿ ಅದು, ನೀಲಿ ಗೆರೆಯದ್ದಾ? ಅಷ್ಟು ಹೊತ್ತು ಕೂತು ಏನು ನೋಡುತ್ತಿದ್ದೆ? ಟೀಚರ ಕೈ ಹೇಗಿತ್ತು, ಒರಟಾ, ತಣ್ಣಗಾ? ಎಲ್ಲ ಬರೆ. ಮನಸ್ಸಿನಲ್ಲಿ ಇಟ್ಟುಕೊಂಡರೆ ಕೊಳೆಯುತ್ತದೆ. ಬರೆದರೆ ಹಗುರವಾಗುತ್ತದೆ ಎಂದು ಡಾಕ್ಟರೇ ಹೇಳಿದ್ದಾರೆ.

ನಿನ್ನ ಪುಟದ ಚಿಂತೆ ನಿನಗೆ ಬೇಡ. ಏನೋ ಒಂದು ತುಂಬಿಸುತ್ತಿದ್ದೇನೆ. ಜನ ಗೊಣಗಿಕೊಂಡು ಓದುತ್ತಿದ್ದಾರೆ.

ಅಕ್ಕ


ಮಾರ್ಚ್ ೨೩, ಶನಿವಾರ

ಅಕ್ಕಾ,

ನೀಲಿ ಗೆರೆಯದ್ದೇ. ಟೀಚರ ಕೈ ಒರಟು, ಬಿಸಿ. ನೋಡುತ್ತಿದ್ದದ್ದು ಗೋಡೆ. ಇದೆಲ್ಲ ನಿನಗೆ ಯಾಕೆ ಬೇಕೋ.

ನೀನು ಕೇಳಿದ್ದಕ್ಕೆ ಇನ್ನೊಂದು ಹೇಳುತ್ತೇನೆ. ಹೇಳಬೇಕೋ ಬೇಡವೋ ಎಂದು ನಾಲ್ಕು ಹಾಳೆ ಹರಿದೆ. ಇಲ್ಲಿಯ ಅಂಚೆ ಕಚೇರಿಯಲ್ಲಿ ಫೋನ್ ಇದೆ. ಎರಡು ದಿನಕ್ಕೊಮ್ಮೆ ಹೋಗಿ ಅವಳ ಕನ್ನಡಕದ ಅಂಗಡಿಗೆ ಫೋನ್ ಮಾಡುತ್ತೇನೆ. ಹೌದು, ಬಿಟ್ಟುಹೋದ ನನ್ನ ಹೆಂಡತಿಗೇ. ಅವಳು "ಹಲೋ, ಕನ್ನಡಕದಂಗಡಿ" ಎನ್ನುತ್ತಾಳೆ. ನಾನು ಮಾತಾಡುವುದಿಲ್ಲ. ಹಿಂದೆ ಗಾಜು ಉಜ್ಜುವ ಯಂತ್ರದ ಸದ್ದು ಕೇಳುತ್ತದೆ. ಇಟ್ಟುಬಿಡುತ್ತೇನೆ. ಕಳ್ಳನ ಹಾಗೆ, ಗೊತ್ತು.

ಮೊನ್ನೆ ಅವಳು ಇಡಲಿಲ್ಲ. "ಯಾರಾದ್ರೂ ಸರಿ, ಮಾತಾಡಬೇಕು ಅನ್ಸಿದಾಗ ಮಾತಾಡಿ. ನಾನು ಇಲ್ಲೇ ಇರ್ತೀನಿ" ಎಂದಳು. ಹೇಳಿ ಸುಮ್ಮನೆ ಕಾದಳು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದೆ. ಆಮೇಲೆ ಕೆರೆಯ ಸುತ್ತ ಒಂದು ಸುತ್ತು ಹಾಕಿ ಬಂದು ಎರಡನೇ ಸಲ ಬಡಿಸಿಕೊಂಡು ಉಂಡೆ. ಟೀಚರು ಹುಬ್ಬೇರಿಸಿದರು.

(ಒಂದು ಸಾಲು ಹೊಡೆದಿದ್ದೇನೆ.)

ಸದ್ಯ ನನ್ನನ್ನು ಹಿಡಿದು ನಿಲ್ಲಿಸಿರುವುದು ಅದೊಂದೇ. ಇದು ನಮ್ಮಿಬ್ಬರಲ್ಲೇ ಇರಲಿ. ಆಣೆ.

ತಮ್ಮ


ಮಾರ್ಚ್ ೨೮, ಗುರುವಾರ

ಲೋ ಮಂಕ,

ಅಚ್ಚಿನ ದಿನ, ಎರಡೇ ಮಾತು. ನಾನು ಯಾರಿಗೆ ಹೇಳಲಿ, ಬಾಯಿ ಬಿಡಲು ನನಗೆ ಪುರುಸೊತ್ತೆಲ್ಲಿದೆ. ಅವಳು ಎಷ್ಟು ಹೊತ್ತು ಕಾದಳು? ಧ್ವನಿ ಹೇಗಿತ್ತು? ನೀನು ಇಟ್ಟೆಯೋ, ಅವಳೇ ಇಟ್ಟಳೋ? ಅದನ್ನೇ ಬರೆಯಲಿಲ್ಲವಲ್ಲ, ಮಹಾರಾಯ. ಮುಖ್ಯವಾದದ್ದನ್ನು ಬಿಟ್ಟು ಊಟದ ಲೆಕ್ಕ ಒಪ್ಪಿಸಿದ್ದೀಯೆ.

ನನ್ನ ಎಡಗಣ್ಣು ಎರಡು ವಾರದಿಂದ ಅದುರುತ್ತಿದೆ. ಕೇಳುವವರು ಯಾರು. ಪತ್ರಿಕೆ ಮಾತ್ರ ಬಿಸಿ ದೋಸೆಯ ಹಾಗೆ ಖರ್ಚಾಗುತ್ತಿದೆ, ಯಾಕೆ ಎಂದು ಕೇಳಬೇಡ.

ಅಕ್ಕ


ಏಪ್ರಿಲ್ ೧೨, ಶುಕ್ರವಾರ

ಅಕ್ಕಾ,

ಇಷ್ಟು ದಿನ ಬರೆಯದ್ದಕ್ಕೆ ಕೋಪ ಬೇಡ. ಬರೆಯಲು ಏನೂ ಇರಲಿಲ್ಲ. ಚೆನ್ನಾಗಿದ್ದೇನೆ.

ಟೀಚರ ಮನೆಯಲ್ಲಿ ಬೆತ್ತ ಹರಿದ ಕುರ್ಚಿಗಳು ಒಂದು ರಾಶಿ ಇದ್ದವು. "ಸುಮ್ನೆ ಕೂತು ನನ್ನ ಗೋಡೆ ಸವೆಸಬೇಡ" ಎಂದು ಹೆಣೆಯಲು ಕಲಿಸಿದರು. ಆರು ಕುರ್ಚಿ ಮುಗಿಸಿದೆ. ಬೆತ್ತ ನೆನೆಸು, ಎಳೆ, ಅಡ್ಡ ಹಾಕು, ಬಿಗಿ. ತಪ್ಪಿದರೆ ಬಿಚ್ಚು. ಕೂತು ನೋಡಿದರೆ ಸರಿಯಾಯಿತೋ ಇಲ್ಲವೋ ಆಗಲೇ ಗೊತ್ತಾಗುತ್ತದೆ, ಓದುಗರ ಕಾಗದಕ್ಕೆ ಕಾಯಬೇಕಿಲ್ಲ. ರಾತ್ರಿ ಹಾಸಿಗೆ ಕಂಡರೆ ನಿದ್ದೆ.

ಇನ್ನೊಂದು. ಕಳೆದ ವಾರ ಫೋನ್‌ನಲ್ಲಿ "ನಾನು" ಎಂದೆ. ಅವಳು "ಗೊತ್ತು. ಊಟ ಆಯ್ತಾ?" ಎಂದಳು. ಅಷ್ಟೇ. ದಿನವಿಡೀ ಅದನ್ನೇ ನೆನೆಸಿಕೊಂಡು ನಗುತ್ತಿದ್ದೆ.

ತಿಂಗಳ ಕೊನೆಗೆ ಬಂದುಬಿಡಲೇ ಎಂದು ಯೋಚನೆ. ಧಾರಾವಾಹಿ ಮಾತ್ರ ಇನ್ನು ನನ್ನಿಂದಾಗದು ಅಕ್ಕಾ. ಕರಡು ತಿದ್ದುವ ಕೆಲಸ ಕೊಡು, ಯಾರದೋ ತಪ್ಪು ಸರಿ ಮಾಡಿಕೊಂಡು ಒಂದು ಮೂಲೆಯಲ್ಲಿ ಇರುತ್ತೇನೆ. ನನ್ನದೆಂದು ಏನನ್ನೂ ಯಾರಿಗೂ ಕೊಡದೆ ಸ್ವಲ್ಪ ಕಾಲ ಬದುಕಿ ನೋಡಬೇಕು.

ತಮ್ಮ


ಏಪ್ರಿಲ್ ೧೭, ಬುಧವಾರ

ಲೋ ಮಂಕ,

ಇದೇನು ಕಾಗದವೋ ಅಂಗಡಿಯ ರಸೀತಿಯೋ? ಕುರ್ಚಿ ಹೆಣೆದೆ, ಉಂಡೆ, ಮಲಗಿದೆ. ಇದನ್ನು ಓದಲು ನಾನು ಹದಿನೈದು ದಿನ ಅಂಚೆಯವನ ದಾರಿ ಕಾಯಬೇಕಿತ್ತೇ?

ನನ್ನ ಮಾತು ಕೇಳು. ಇಷ್ಟು ಬೇಗ ವಾಸಿಯಾಗುವ ಕಾಯಿಲೆಯಲ್ಲ ನಿನ್ನದು. ಆರುವ ದೀಪಕ್ಕೆ ಉರಿ ಹೆಚ್ಚು ಎನ್ನುತ್ತಾರೆ. ನಾಲ್ಕು ದಿನ ನಿದ್ದೆ ಬಂದಿತೆಂದು ಕುಣಿದುಕೊಂಡು ಬಂದರೆ, ಕಚೇರಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಮತ್ತೆ ಅದೇ ಬಾಗಿಲು, ಅದೇ ಹಾಳೆ. ಜೂನ್ ಕೊನೆಯವರೆಗೆ ಅಲ್ಲೇ ಇರು. ಟೀಚರಿಗೆ ಹೇಳಿಯಾಗಿದೆ.

ನಿಜ ಹೇಳು, ಒಳಗೆ ಇನ್ನೂ ಖಾಲಿ ಖಾಲಿ ಅನ್ನಿಸುವುದಿಲ್ಲವೇ? ಆ ಹೆಂಗಸು "ಊಟ ಆಯ್ತಾ" ಎಂದಳಲ್ಲ, ಅದು ಪ್ರೀತಿಯೋ ಕನಿಕರವೋ ಯೋಚಿಸಿದೆಯಾ? ಬೀದಿಯ ನಾಯಿಗೂ ಜನ ಊಟ ಹಾಕುತ್ತಾರೆ. ಕೂತು ಯೋಚಿಸು, ಯೋಚಿಸಿದ್ದನ್ನು ಬರೆ.

ಅಕ್ಕ


ಏಪ್ರಿಲ್ ೨೯, ಸೋಮವಾರ

ಅಕ್ಕಾ,

ಶನಿವಾರ ಫೋನ್ ಮಾಡಿದೆ. "ನಾನು" ಎಂದೆ. ಅವಳು "ಪುಟ ತುಂಬಿಸೋಕೆ ನಾನೇ ಬೇಕಿತ್ತಾ ನಿಂಗೆ? ಅಂಗಡಿಗೆ ಬಂದೋರೆಲ್ಲ ಹಲೋ ಹಲೋ ಅಂತ ನಗ್ತಾರೆ. ಇನ್ನು ಮಾಡಬೇಡ" ಎಂದು ಇಟ್ಟಳು. ನನಗೆ ತಲೆಬುಡ ತಿಳಿಯಲಿಲ್ಲ.

ಇವತ್ತು ತಿಳಿಯಿತು. ಕ್ಷೌರಕ್ಕೆ ಹೋಗಿದ್ದೆ. ಕ್ಷೌರದವನು ನನ್ನ ಮುಖಕ್ಕೆ ನೊರೆ ಬಳಿದು, ಕತ್ತಿ ಮಸೆಯುವುದನ್ನು ಬಿಟ್ಟು, ನಮ್ಮ ಪತ್ರಿಕೆ ತೆಗೆದ. "ತಡೀರಿ, ಮೊದ್ಲು ಇದು" ಎಂದು ಗಟ್ಟಿಯಾಗಿ ಓದಿದ. "ವಿಶ್ರಾಂತಿಗೆ ಹೋದವನ ಕಾಗದಗಳು." ಬೆಂಚಿನ ಮೇಲಿದ್ದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು. ಊರಿನ ಗುರುತು, ಟೀಚರ ಸೀಟಿ, ನಾನು ನಿನಗೆ ಬರೆದ ಕುರ್ಚಿಗಳು, ಎಲ್ಲವನ್ನೂ ನೀನು ತೆಗೆದುಹಾಕಿದ್ದೆ. "ಗೊತ್ತು, ಊಟ ಆಯ್ತಾ" ಇತ್ತು. ಅದರ ಕೆಳಗೆ, ನಾನು ಬರೆಯದ ಒಂದು ಸಾಲು: "ಬೀದಿಯ ನಾಯಿಗೂ ಜನ ಊಟ ಹಾಕುತ್ತಾರೆ."

ಅಲ್ಲೊಂದು ಪಂದ್ಯ ನಡೆದಿದೆ ಗೊತ್ತಾ? ಈ ಮನುಷ್ಯ ಸಾಯುತ್ತಾನೋ ಬದುಕುತ್ತಾನೋ ಎಂದು. ಸೋತವರು ತಲೆ ಬೋಳಿಸಿಕೊಳ್ಳಬೇಕು. ಎಲ್ಲರೂ ಸಾಯುತ್ತಾನೆ ಎಂದೇ ಕಟ್ಟಿದ್ದಾರೆ. ಬ್ರೆಡ್ಡು ಮಾಡುವವನೊಬ್ಬ ಮಾತ್ರ ಬದುಕುತ್ತಾನೆ ಎಂದಿದ್ದಾನೆ. ಕ್ಷೌರದವನು ನನ್ನ ಗಲ್ಲ ಹಿಡಿದು ತಿರುಗಿಸಿ, "ನೀವೇನಂತೀರಿ ಸಾರ್? ಬದುಕಿಬಿಟ್ರೆ ಮಜಾ ಇರಲ್ಲ ಅಲ್ವಾ" ಎಂದ. ನೊರೆ ಒಣಗಿ ಚರ್ಮ ಬಿಗಿದಿತ್ತು. ಹೌದು ಎಂದೆ.

(ಇಲ್ಲಿ ಅರ್ಧ ಪುಟ ಹೊಡೆದು ಹಾಕಿದ್ದೇನೆ. ಬೆಳಕಿಗೆ ಹಿಡಿ, ನಿನ್ನ ಬಗ್ಗೆಯೇ ಬರೆದದ್ದು.)

ನಿಲ್ಲಿಸು. ಇಷ್ಟೇ ಕೇಳುವುದು.

ತಮ್ಮ


ಮೇ ೪, ಶನಿವಾರ

ತಮ್ಮಾ,

ಬೈದುಕೊಂಡೆಯಲ್ಲ, ಹೊಟ್ಟೆ ತಣ್ಣಗಾಯಿತೇ? ಈಗ ನನ್ನ ಮಾತು ಕೇಳು.

ನೀನು ಹೋದ ವಾರ ನಿನ್ನ ಪುಟ ಖಾಲಿ. ಮುದ್ರಕ ಬಂದು ತಲೆಯ ಮೇಲೆ ನಿಂತಿದ್ದ. ಎರಡನೇ ವಾರ ಯಾರದೋ ಕಥೆ ಹಾಕಿದೆ, ಓದುಗರು ಮುಖಕ್ಕೆ ಎಸೆದರು. ಮೂರನೇ ವಾರ ನಿನ್ನ ಗುಂಡಿಯ ಕಾಗದ ಕೈಯಲ್ಲಿತ್ತು. ಓದಿದೆ. ಕರಡು ತಿದ್ದುವ ಮುದುಕರು ಓದಿ ಕಣ್ಣು ಒರೆಸಿಕೊಂಡರು. ಹದಿನಾಲ್ಕು ವರ್ಷ ನೀನು ಹೊಸೆದ ಮಾವ ಸೊಸೆಯರಿಗೆ ಅವರು ಒಮ್ಮೆಯೂ ಅತ್ತವರಲ್ಲ. ನಾನು ಏನು ಮಾಡಬೇಕಿತ್ತು, ಡ್ರಾಯರಿನಲ್ಲಿಟ್ಟು ಬೀಗ ಹಾಕಬೇಕಿತ್ತೇ?

ನನ್ನದನ್ನು ಯಾರಿಗೂ ಕೊಡುವುದಿಲ್ಲ ಎನ್ನುತ್ತೀಯೆ. ಇನ್ನೊಬ್ಬರದನ್ನು ಕೊಟ್ಟಾಗ? ನನಗೆ ಗೊತ್ತಾಗಿದ್ದ ಮದುವೆ ಮುರಿದದ್ದು, ಆ ಗಂಡು ನನ್ನ ಹಲ್ಲಿನ ಬಗ್ಗೆ ಅಂದದ್ದು, ನಾನು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತದ್ದು. ನಿನ್ನೊಬ್ಬನಿಗೆ ಹೇಳಿದ್ದೆ. ಮೂರನೇ ವರ್ಷದ ಕಂತುಗಳಲ್ಲಿ ನೀರಿನ ಸದ್ದಿನ ಸಮೇತ ಬಂತು. ನಾನೇ ಓದಿದೆ, ನಾನೇ ತಿದ್ದಿದೆ, ನಾನೇ ಅಚ್ಚಿಗೆ ಕಳಿಸಿದೆ. ಒಂದು ಮಾತು ಆಡಿದೆನಾ? ಮಾಡಿದ್ದುಣ್ಣೋ ಮಹಾರಾಯ.

ನಿನಗೆ ಸುಸ್ತಾಯಿತು, ಬಸ್ಸು ಹತ್ತಿಸಿದೆ. ನನಗೆ ಸುಸ್ತಾದರೆ ಯಾರು ಹತ್ತಿಸುತ್ತಾರೆ ಹೇಳು. ಕಣ್ಣು ಅದುರುವುದು ನಿಂತಿದೆ, ಈಗ ಆ ಕಡೆ ಮಂಜು ಮಂಜು.

ಇನ್ನು ನಾಲ್ಕು ವಾರ ಕೊಡು. ಅರ್ಧಕ್ಕೆ ಬಿಡಲಾಗದು, ಓದುಗರಿಗೆ ಒಂದು ಕೊನೆ ಬೇಕು. ವಾಸಿಯಾಗುವುದೋ ಸಾಯುವುದೋ, ಯಾವುದಾದರೂ ಒಂದು. ಆಮೇಲೆ ನೀನುಂಟು ನಿನ್ನ ಕುರ್ಚಿಯುಂಟು, ನಿನ್ನ ತಂಟೆಗೆ ಬಂದರೆ ಕೇಳು.

ಅಕ್ಕ


ಮೇ ೧೮, ಶನಿವಾರ

ಅಕ್ಕಾ,

ಇದು ಅಚ್ಚಿಗಲ್ಲ. ನಿನಗೆ.

ಕುರ್ಚಿಗಳು ಮುಗಿದುಹೋದವು. ಬೆತ್ತ ನೆನೆಸಿದ ಬಾಲ್ದಿಯನ್ನು ಟೀಚರು ತೊಳೆದು ಬೋರಲು ಹಾಕಿದ್ದಾರೆ. ಅಂಚೆ ಕಚೇರಿಯ ಕಡೆಗೆ ಈಗ ನಾನು ಹೋಗುವುದಿಲ್ಲ, ಕೇಳಿಸಿಕೊಳ್ಳುವ ಧ್ವನಿ ಅಲ್ಲಿಲ್ಲ. ಬೀದಿಯಲ್ಲಿ ನಡೆದರೆ ಎದುರು ಬಂದವರೆಲ್ಲ ನನ್ನನ್ನು ಓದಿ ಮುಗಿಸಿದವರ ಹಾಗೆ ಕಾಣುತ್ತಾರೆ. ಮೂರನೇ ಗುಂಡಿ ಮತ್ತೆ ದೂರವಾಗಿದೆ.

ನಿನ್ನ ಮದುವೆಯ ವಿಷಯ ನಿಜ. ನಾನು ಅದನ್ನು ತೆಗೆದುಕೊಂಡೆ, ನಿನ್ನನ್ನು ಕೇಳಲಿಲ್ಲ. ಈಗ ನೀನು ನನ್ನದನ್ನು ತೆಗೆದುಕೊಂಡೆ. ಲೆಕ್ಕ ಸರಿಹೋಯಿತು. ಜಗಳ ಮುಗಿಯಿತು ಎಂದೇ ತಿಳಿ.

ನನಗೆ ಬದುಕಬೇಕು ಅನ್ನಿಸುತ್ತಿಲ್ಲ. ಇದನ್ನು ಬೇರೆ ಹೇಗೆ ಹೇಳುವುದೋ ಗೊತ್ತಿಲ್ಲ. ಕಿಟಕಿಯಿಂದ ಕೆರೆ ಕಾಣುತ್ತದೆ, ದಿನವೂ ಅದನ್ನೇ ನೋಡುತ್ತೇನೆ, ಭಯವಾಗುವುದಿಲ್ಲ. ಭಯವಾಗದಿರುವುದೇ ಭಯ.

ಶುಕ್ರವಾರ ಸಂಜೆಯ ಕೊನೆಯ ಬಸ್ಸು ಬರುವವರೆಗೆ ನಿಲ್ದಾಣದಲ್ಲಿ ಕೂತಿರುತ್ತೇನೆ. ನೀನು ಬಾ. ಏನೂ ಹೇಳಬೇಕಿಲ್ಲ. ಬಸ್ಸಿಳಿದು "ಏಳೋ ಮಂಕ" ಎಂದರೆ ಸಾಕು, ಎದ್ದು ನಿನ್ನ ಹಿಂದೆ ಬರುತ್ತೇನೆ.

ತಮ್ಮ


ಮೇ ೨೪, ಶುಕ್ರವಾರ

ಲೋ ಮಂಕ,

ಭಲೇ. ನಿನ್ನೆ ಸಂಚಿಕೆ ಅಚ್ಚಿಗೆ ಹೋಯಿತು, ಇವತ್ತು ಉಸಿರಾಡಲು ಪುರುಸೊತ್ತು ಸಿಕ್ಕಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲಿಗೆ ಹೆದರಿದೆ, ಸುಳ್ಳು ಹೇಳುವುದಿಲ್ಲ. ಕೆರೆ ಎಂದು ಓದಿದ ಕೂಡಲೇ ಚಪ್ಪಲಿ ಹಾಕಿಕೊಂಡು ಬಸ್ಸಿಗೆ ಹೊರಟೂಬಿಟ್ಟಿದ್ದೆ. ಮೆಟ್ಟಿಲ ಮೇಲೆ ನಿಂತು ಇನ್ನೊಮ್ಮೆ ಕಾಗದ ಬಿಡಿಸಿದೆ. ಆಗ ಕಣ್ಣಿಗೆ ಬಿತ್ತು. ಒಂದೂ ಚಿತ್ತಿಲ್ಲ. ಮೇಲಿಂದ ಕೆಳಗಿನವರೆಗೆ ಮುತ್ತು ಪೋಣಿಸಿದ ಹಾಗೆ. ಬೆಳಕಿಗೆ ಹಿಡಿದೆ, ಹಿಂದೆ ತಿರುಗಿಸಿದೆ, ಎಲ್ಲಿಯೂ ಪೆನ್ನು ತಡವರಿಸಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ನಕ್ಕೆ ನೋಡು, ಮುದ್ರಕ ನನಗೂ ನಿನ್ನ ಕಾಯಿಲೆ ಹಿಡಿಯಿತು ಎಂದುಕೊಂಡಿರಬೇಕು.

ಯಾರಿಗೆ ಟೋಪಿ ಹಾಕಲು ಹೊರಟೆ? ನೀನು ನಿಜ ಬರೆದರೆ ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ. ಇದು ಕಥೆ. ಮತ್ತೆ ಕಥೆ ಬರೆದೆ ನೀನು. ಇಷ್ಟು ಚೆಂದಾಗಿ ಸುಳ್ಳು ಹೇಳಲು ಬಂದಿತೆಂದರೆ ಕಾಯಿಲೆ ಓಡಿಹೋಯಿತು ಎಂದೇ ಅರ್ಥ. "ಇದು ಅಚ್ಚಿಗಲ್ಲ. ನಿನಗೆ" ಎಂಬ ಮೊದಲ ಸಾಲಿಗೇ ನಿನಗೊಂದು ನಮಸ್ಕಾರ. ಅದನ್ನೂ ಹಾಗೇ ಉಳಿಸಿದ್ದೇನೆ. ಎಂದಿನಂತೆ ಟೀಚರ ಗುರುತು ಅಳಿಸಿದೆ, ಮದುವೆಯ ಎರಡು ಸಾಲು ತೆಗೆದೆ, ನನ್ನ ಮಾನ ಎರಡು ಸಲ ಹರಾಜಾಗುವುದು ಬೇಡ. ಕೆಳಗೆ ದಪ್ಪ ಅಕ್ಷರದಲ್ಲಿ "ಕೊನೆಯ ಕಾಗದ" ಎಂದು ಹಾಕಿದೆ.

ಕೇಳಿದ್ದಕ್ಕಿಂತ ಒಳ್ಳೆಯ ಕೊನೆ ಕೊಟ್ಟೆ. ಇನ್ನು ಬಾ. ನಿನ್ನ ಮೇಜು ಒರೆಸಿಟ್ಟಿದ್ದೇನೆ. ಹೊಸ ಧಾರಾವಾಹಿ ಜೂನ್‌ನಿಂದ.

ಅಕ್ಕ


ಮೇ ೩೦, ಗುರುವಾರ

ಅಕ್ಕಾ,

ಚಿತ್ತಿರಲಿಲ್ಲ, ಯಾಕೆಂದರೆ ಅದು ನಕಲು ಮಾಡಿದ್ದು. ಮೊದಲು ಬರೆದದ್ದು ಓದಲಾಗದಷ್ಟು ಗೀಚಿಹೋಗಿತ್ತು. ನಿನ್ನ ಒಂದು ಕಣ್ಣು ಮಂಜಾಗಿದೆ ಎಂದು ಬರೆದಿದ್ದೆಯಲ್ಲ. ಓದಲು ಕಷ್ಟವಾಗದಿರಲಿ ಎಂದು ಹೊಸ ಹಾಳೆ ತೆಗೆದುಕೊಂಡು ದುಂಡಗೆ ಬರೆದೆ. ಅಷ್ಟೇ.

(ಹೊಡೆದು ಹಾಕಿದ್ದೇನೆ.)

ಶುಕ್ರವಾರ ಬೆಳಗಿನ ಬಸ್ಸಿನಿಂದಲೇ ನಿಲ್ದಾಣದಲ್ಲಿ ಕೂತಿದ್ದೆ. ಪ್ರತಿ ಬಸ್ಸಿನಲ್ಲಿ ಹೆಂಗಸರು ಇಳಿದರು. ಇಬ್ಬರಿಗೆ ನಿನ್ನ ಹಾಗೆ ಚೀಲ ಹಿಡಿಯುವ ಅಭ್ಯಾಸವಿತ್ತು, ಎದ್ದು ನಿಂತೆ. ಕೊನೆಯ ಬಸ್ಸಿನಿಂದ ಯಾರೂ ಇಳಿಯಲಿಲ್ಲ. ಕೆರೆಗೆ ಹೋದೆ. ಸೊಂಟದವರೆಗೆ ನೀರಿತ್ತು. ಹಿಂದಿನಿಂದ ಸೀಟಿ ಕೇಳಿತು. ಟೀಚರು ದಂಡೆಯಲ್ಲಿ ನಿಂತಿದ್ದರು, ಎಷ್ಟು ಹೊತ್ತಿನಿಂದ ನನ್ನ ಹಿಂದೆ ಬಂದಿದ್ದರೋ. "ಹೊರಗೆ" ಎಂದರು. ನನಗೆ ಬರಬೇಕೆಂದೇನೂ ಇರಲಿಲ್ಲ. ಕಾಲು ಬಂದವು, ಅಭ್ಯಾಸ. ಅವರು ಟವೆಲು ಕೊಟ್ಟು, "ನಾಳೆಯಿಂದ ನನ್ನ ಕಣ್ಣೆದುರೇ ಇರ್ಬೇಕು" ಎಂದರು. ಅಳಲಿಲ್ಲ, ಉಪದೇಶ ಮಾಡಲಿಲ್ಲ. ಮಾರನೇ ದಿನ ತಾವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಅಂಚೆ ಕಚೇರಿಯ ಫೋನ್ ನಂಬರು ನಿನ್ನ ಹತ್ತಿರ ಇತ್ತು. ಟೀಚರ ವಿಳಾಸ ಇತ್ತು. ಒಂದು ತಂತಿ ಕೊಟ್ಟಿದ್ದರೆ ಸಾಕಿತ್ತು. ನೀನು ಹಾಳೆಯನ್ನು ಬೆಳಕಿಗೆ ಹಿಡಿದೆ.

(ಎರಡು ಸಾಲು ಹೊಡೆದಿದ್ದೇನೆ.)

ಸೋಮವಾರ ಟೀಚರೇ ನನ್ನನ್ನು ಕ್ಷೌರಕ್ಕೆ ಕರೆದುಕೊಂಡು ಹೋದರು, ಗಡ್ಡ ಬಿಟ್ಟವರನ್ನು ಅವರು ಸಾಲಿನಲ್ಲಿ ನಿಲ್ಲಿಸುವುದಿಲ್ಲವಂತೆ. ಕ್ಷೌರದವನು ನಿನ್ನ "ಕೊನೆಯ ಕಾಗದ" ಓದಿ ಆಗಲೇ ಮುಗಿಸಿದ್ದ. ಯಾರೂ ನಗುತ್ತಿರಲಿಲ್ಲ. ಗೆದ್ದವರು ತಲೆ ತಗ್ಗಿಸಿ ಕೂತಿದ್ದರು. ಬ್ರೆಡ್ಡಿನವನು ಕುರ್ಚಿಯಲ್ಲಿದ್ದ, ಅರ್ಧ ತಲೆ ಬೋಳಾಗಿತ್ತು. ಕ್ಷೌರದವನು "ಬೇಡ ಬಿಡೋ, ತಮಾಷೆಗೆ ಕಟ್ಟಿದ್ದು" ಎಂದರೆ ಅವನು ಕೇಳಲಿಲ್ಲ. "ಬೋಳ್ಸು. ನಾನು ಬದುಕ್ತಾನೆ ಅಂದಿದ್ದೆ" ಎಂದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ನನ್ನನ್ನು ಒಮ್ಮೆಯೂ ನೋಡದ ಮನುಷ್ಯ.

ನಾನು ಪಕ್ಕದ ಕುರ್ಚಿಯಲ್ಲಿ ಕೂತೆ. ಬದುಕಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ. ಕ್ಷೌರದವನು ಕತ್ತಿ ಕೆಳಗಿಟ್ಟು ಕೇಳಿದ.

"ಅಲ್ಲಾ ಸಾರ್, ಅವನಿಗೆ ಅಂತ ಯಾರೂ ಇರ್ಲಿಲ್ವಾ?"

"ಒಬ್ಬಳು ಅಕ್ಕ ಇದ್ದಳು."

"ಮತ್ತೆ?"

"ಅಚ್ಚಿನ ದಿನ ಇತ್ತು."

ಅವನಿಗೆ ಅರ್ಥವಾಗಲಿಲ್ಲ. ನಿನಗೆ ಆಗುತ್ತದೆ.

ಇದನ್ನು ನಕಲು ಮಾಡಿಲ್ಲ. ಚಿತ್ತೆಲ್ಲ ಹಾಗೇ ಇದೆ, ನಿಜವೋ ಅಲ್ಲವೋ ನೋಡಿಕೋ. ಇನ್ನು ಮುಂದೆ ನಿನಗೆ ನನ್ನಿಂದ ಒಂದಕ್ಷರ ಬರುವುದಿಲ್ಲ. ಫೋನೂ ಇಲ್ಲ. ಬೈಗುಳವೂ ಇಲ್ಲ. ನಾನು ಸುಮ್ಮನಿರಬೇಕು ಅಕ್ಕಾ, ನನಗೆ ಬೇಕಾಗಿದ್ದದ್ದು ಮೊದಲಿನಿಂದಲೂ ಅದೊಂದೇ.


ಜೂನ್ ೫, ಬುಧವಾರ

ತಮ್ಮಾ,

ನಿನ್ನ ಕಾಗದ ನಿನ್ನೆ ಬಂತು. ಓದಿದಾಗಿನಿಂದ ಒಲೆ ಹಚ್ಚಿಲ್ಲ. ನೀನು ನಂಬಬೇಕೆಂದೇನೂ ಇಲ್ಲ. ಟೀಚರಿಗೆ ನನ್ನ ನಮಸ್ಕಾರ ತಿಳಿಸು, ಅವರ ಋಣ ತೀರಿಸಲಾಗದು.

ಬರಬೇಕೆಂದು ಚೀಲಕ್ಕೆ ಬಟ್ಟೆ ತುಂಬಿದೆ. ಆಮೇಲೆ ನಾಳೆ ಗುರುವಾರ ಎಂದು ನೆನಪಾಯಿತು. ನಿನ್ನ ಪುಟ ಖಾಲಿ ಇದೆ. ಓದುಗರು ಕಚೇರಿಯ ಮೆಟ್ಟಿಲ ಮೇಲೆ ಹೂವು ಇಟ್ಟು ಹೋಗುತ್ತಿದ್ದಾರೆ. ಅವನು ಬದುಕಿದ್ದಾನೆ ಎಂದು ಪಾಪ ಅವರಿಗೂ ಗೊತ್ತಾಗಬೇಡವೇ? ಆ ಬ್ರೆಡ್ಡಿನವನ ಅರ್ಧ ಬೋಳಾದ ತಲೆಯನ್ನು ನೆನೆಸಿಕೊಂಡು ರಾತ್ರಿಯೆಲ್ಲ ಅತ್ತೆ. ನೀನು ಇದುವರೆಗೆ ಬರೆದದ್ದರಲ್ಲೆಲ್ಲ ಇದೇ ಮೇಲು.

ಚಿತ್ತುಗಳನ್ನು ತೆಗೆದು ನಾನೇ ಕೂತು ಶುದ್ಧಪ್ರತಿ ಮಾಡಿದ್ದೇನೆ. ಒಂದು ಕಣ್ಣಿನಲ್ಲಿ ಮಾಡಿದ್ದು, ಹೆಚ್ಚುಕಡಿಮೆ ಇದ್ದರೆ ಕ್ಷಮಿಸು. ಬೇಡ ಅನ್ನುವುದಾದರೆ ನಾಳೆ ಸಂಜೆಯೊಳಗೆ ಒಂದು ಸಾಲು ಬರೆದು ತಿಳಿಸು. ಏನೂ ಬಾರದಿದ್ದರೆ ನಿನ್ನ ಒಪ್ಪಿಗೆ ಇದೆ ಎಂದು ತಿಳಿಯುತ್ತೇನೆ.

ನಿನ್ನ ಅಕ್ಕ